‘ಇನ್ನೂ ಎಷ್ಟು ದಿನ?’: ಕ್ರೈಸ್ತರ ಮೇಲಿನ ಹಿಂಸೆ ಮತ್ತು ಕಡೇ ದಿನಗಳ ಲೆಕ್ಕ

ನಮ್ಮ ಕೆಳಗಿನ ಮನೆಯ ಆಂಟಿ ದಿನಾ ಬೆಳಿಗ್ಗೆ ಆರು ಗಂಟೆಗೆ ವಾಟ್ಸ್ಆ್ಯಪ್‌ನಲ್ಲಿ ಬೈಬಲಿನ ಒಂದು ವಚನ ಕಳಿಸುತ್ತಾರೆ. ನಾನು ಅವರ ಸಭೆಯವನಲ್ಲ, ಅಂದರೆ ಚರ್ಚಿನವನಲ್ಲ, ಅವರ ಧರ್ಮದವನೂ ಅಲ್ಲ. ಆದರೂ ಲಿಂಗರಾಜಪುರದ ಈ ಮನೆಗೆ ಬಾಡಿಗೆಗೆ ಬಂದಾಗಿನಿಂದ ಒಂದು ದಿನವೂ ತಪ್ಪಿಲ್ಲ. 2025ರ ನವೆಂಬರ್‌ನಲ್ಲಿ ಒಂದು ದಿನ ವಚನದ ಬದಲು ವಿಡಿಯೊ ಬಂತು. ಸುಟ್ಟು ಕರಕಲಾದ ಮನೆಗಳು, ಎದೆ ಬಡಿದುಕೊಂಡು ಅಳುವ ಹೆಂಗಸರು. ಕೆಳಗೆ ಕೆಂಪು ಅಕ್ಷರದಲ್ಲಿ ಕನ್ನಡ: ‘ನೈಜೀರಿಯಾದಲ್ಲಿ ವಿಶ್ವಾಸಿಗಳ ಹತ್ಯೆ. ಕರ್ತನ ಬರೋಣ ಹತ್ತಿರವಾಗಿದೆ. ಹತ್ತು ಜನಕ್ಕೆ ಕಳಿಸಿ.’ ಕರ್ತನ ಬರೋಣ ಅಂದರೆ ಕಡೇ ದಿನಗಳಲ್ಲಿ ಯೇಸು ಮತ್ತೆ ಬರುವುದು.

ಸಂಜೆ ಮೆಟ್ಟಿಲ ಹತ್ತಿರ ಸಿಕ್ಕಾಗ ಅವರೇ ಕೇಳಿದರು. “ನೋಡಿದ್ಯೇನಪ್ಪ? ಎಲ್ಲಾ ಬರೆದಿರೋ ಹಾಗೇ ಆಗ್ತಾ ಇದೆ.” ಮುಖದಲ್ಲಿ ದುಃಖ ಇತ್ತು. ನಾಟಕವಲ್ಲ, ನಿಜವಾದ ದುಃಖ. ಆದರೆ ದನಿಯಲ್ಲಿ ಇನ್ನೇನೋ ಇತ್ತು. ಓದಿಕೊಂಡು ಹೋದ ಪ್ರಶ್ನೆಯೇ ಪರೀಕ್ಷೆಯಲ್ಲಿ ಬಂದಾಗ ಆಗುತ್ತದಲ್ಲ, ಅಂಥ ನಿರಾಳ. ಆ ನಿರಾಳ ನನ್ನನ್ನು ಕಾಡಿತು. ದೂರದ ದೇಶದಲ್ಲಿ ಜನ ಸಾಯುವ ಸುದ್ದಿ ಇಲ್ಲಿ ಒಬ್ಬರಿಗೆ ಭರವಸೆ ಹೇಗಾಗುತ್ತದೆ?

ಉತ್ತರ ಹುಡುಕಲು ಬೈಬಲಿನ ಕಟ್ಟಕಡೆಯ ಪುಸ್ತಕಕ್ಕೆ ಹೋಗಬೇಕು. ಕನ್ನಡದಲ್ಲಿ ಅದನ್ನು ‘ಪ್ರಕಟನೆ’ ಎನ್ನುತ್ತಾರೆ. ಅದರ 6ನೇ ಅಧ್ಯಾಯದಲ್ಲಿ ಏಳು ಮುದ್ರೆ ಹಾಕಿದ ಒಂದು ಸುರುಳಿ ಇದೆ. ಒಂದೊಂದೇ ಮುದ್ರೆ ಒಡೆಯುತ್ತದೆ. ಮೊದಲ ನಾಲ್ಕು ಮುದ್ರೆಗೆ ನಾಲ್ಕು ಕುದುರೆಗಳು ಬರುತ್ತವೆ. ಐದನೆಯದಕ್ಕೆ ಕುದುರೆ ಇಲ್ಲ, ಒಂದು ಕೂಗು ಮಾತ್ರ. ನಂಬಿಕೆಗಾಗಿ ಕೊಲೆಯಾದವರ ಆತ್ಮಗಳು ಯಜ್ಞವೇದಿಯ ಕೆಳಗಿನಿಂದ ಕೂಗುತ್ತವೆ: ಒಡೆಯನೇ, ನಮ್ಮ ರಕ್ತಕ್ಕೆ ನ್ಯಾಯ ಕೊಡಲು ಇನ್ನೂ ಎಷ್ಟು ದಿನ? ಅವರಿಗೆ ಒಂದೊಂದು ಬಿಳಿ ನಿಲುವಂಗಿ ಕೊಟ್ಟು, ಇನ್ನೂ ಸ್ವಲ್ಪ ಕಾಲ ತಾಳಿಕೊಳ್ಳಿ ಎಂದು ಹೇಳಲಾಗುತ್ತದೆ. ಎಷ್ಟು ಕಾಲ? ಅವರ ಹಾಗೆಯೇ ಸಾಯಬೇಕಾದ ಜೊತೆಯವರ ಸಂಖ್ಯೆ ಭರ್ತಿಯಾಗುವ ತನಕ.

ಆ ಮೂರು ವಾಕ್ಯದಲ್ಲಿ ಒಂದು ಪ್ರಶ್ನೆ ಇದೆ, ಒಂದು ಲೆಕ್ಕ ಇದೆ. ‘ಇನ್ನೂ ಎಷ್ಟು ದಿನ’ ಎಂಬುದು ಏಟು ತಿಂದವರ ಪ್ರಶ್ನೆ. ‘ಸಂಖ್ಯೆ ಎಷ್ಟಾಯಿತು’ ಎಂಬುದು ದೂರದಲ್ಲಿ ಕೂತವರ ಲೆಕ್ಕ. ಎರಡು ಸಾವಿರ ವರ್ಷಗಳಿಂದ ಈ ಎರಡೂ ಒಂದೇ ಪುಟದಲ್ಲಿವೆ. ನನ್ನ ತಕರಾರು ನಂಬಿಕೆಯ ಬಗ್ಗೆ ಅಲ್ಲ. ಪ್ರಶ್ನೆಯನ್ನು ಬಿಟ್ಟು ಲೆಕ್ಕವನ್ನಷ್ಟೇ ಇಟ್ಟುಕೊಂಡರೆ ಏನಾಗುತ್ತದೆ ಎಂಬುದರ ಬಗ್ಗೆ.

ಮೊದಲು, ಆ ಪುಸ್ತಕ ಯಾರಿಗೆ ಬರೆದದ್ದು ಅಂತ ನೋಡೋಣ. ಪತ್ಮೋಸ್ ಎಂಬ ಸಣ್ಣ ದ್ವೀಪದಿಂದ ಯೋಹಾನ ಎನ್ನುವವನು ಏಳು ಊರುಗಳ ಸಭೆಗಳಿಗೆ ಬರೆದ ಪತ್ರ ಅದು. ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ. ಏಳೂ ಇವತ್ತಿನ ಟರ್ಕಿಯಲ್ಲಿವೆ. ಸ್ಮುರ್ನ ಅಂದರೆ ಈಗಿನ ಇಜ್ಮಿರ್ ನಗರ. ಕ್ರಿ.ಶ. 95ರ ಸುಮಾರಿಗೆ, ದೊಮಿಷಿಯನ್ ಚಕ್ರವರ್ತಿಯ ಕಾಲದಲ್ಲಿ ಬರೆದದ್ದು ಎಂದು ಹೆಚ್ಚಿನ ವಿದ್ವಾಂಸರ ಅಂದಾಜು. ಮನೆಗಳಲ್ಲಿ ಸೇರುತ್ತಿದ್ದ ಸಣ್ಣ ಗುಂಪುಗಳು ಅವು. ಸೈನ್ಯ ಇಲ್ಲ, ಕೋರ್ಟಿನಲ್ಲಿ ದನಿ ಇಲ್ಲ.

ಒಂದು ವಿಚಿತ್ರ ಗಮನಿಸಿ. ರಕ್ತ ಹರಿಯುವ ಅಷ್ಟು ದೊಡ್ಡ ಪುಸ್ತಕದಲ್ಲಿ, ಆ ಸಭೆಗಳಲ್ಲಿ ಕೊಲೆಯಾದವನೆಂದು ಹೆಸರು ಹಿಡಿದು ಹೇಳಿರುವುದು ಒಬ್ಬನನ್ನೇ. ಪೆರ್ಗಮ ಊರಿನ ಅಂತಿಪ. ಬಾಕಿ ಎಲ್ಲ ಬರಬಹುದಾದ ಭಯ. ಹಾಗಂತ ಭಯ ಸುಳ್ಳಲ್ಲ. 64ರಲ್ಲಿ ರೋಮ್ ಹೊತ್ತಿ ಉರಿದಾಗ ನೀರೋ ಕ್ರೈಸ್ತರ ಮೇಲೆ ತಪ್ಪು ಹೊರಿಸಿ ಕೊಲ್ಲಿಸಿದ್ದು ಎಲ್ಲರ ನೆನಪಿನಲ್ಲಿತ್ತು. ಪ್ರಕಟನೆಯಲ್ಲಿ ವಿಶ್ವಾಸಿಗಳನ್ನು ಹಿಂಸಿಸುವ ಒಂದು ಮೃಗ ಬರುತ್ತದೆ. ಅದರ ಸಂಖ್ಯೆ 666 ಎಂದಿದೆಯಲ್ಲ, ನೀರೋವಿನ ಹೆಸರನ್ನು ಗ್ರೀಕ್ ರೀತಿಯಲ್ಲಿ ‘ನೀರೋನ್ ಕೈಸರ’ ಎಂದು ಹೀಬ್ರೂ ಅಕ್ಷರದಲ್ಲಿ ಬರೆದು ಅಕ್ಷರಗಳ ಬೆಲೆ ಕೂಡಿಸಿದರೆ 666 ಬರುತ್ತದೆ. ಕೆಲವು ಹಳೆಯ ಪ್ರತಿಗಳಲ್ಲಿ 666ರ ಬದಲು 616 ಎಂದಿದೆ. ಲ್ಯಾಟಿನ್ ರೀತಿಯಲ್ಲಿ ‘ನೀರೋನ್’ ಹೆಸರಿನ ಕೊನೆಯ ‘ನ್’ ಬಿಟ್ಟರೆ ಸರಿಯಾಗಿ 616! ಅಂದರೆ ಮೊದಲ ಓದುಗರಿಗೆ ಅದು ಭವಿಷ್ಯದ ಒಗಟಾಗಿರಲಿಲ್ಲ. ಪಕ್ಕದ ಪೊಲೀಸ್ ಠಾಣೆಯ ಹೆಸರನ್ನು ಬಾಯಿಬಿಟ್ಟು ಹೇಳದೆ ಹೇಳಿದ ಹಾಗೆ ಇತ್ತು.

ಆ ಕಾಲದ ಹಿಂಸೆ ಹತ್ತಿರದಿಂದ ಹೇಗಿತ್ತು ಎನ್ನುವುದಕ್ಕೆ ಒಂದು ಸರ್ಕಾರಿ ಪತ್ರವೇ ಉಳಿದಿದೆ. 112ರ ಸುಮಾರಿಗೆ ಕಪ್ಪು ಸಮುದ್ರದ ದಂಡೆಯ ಪ್ರಾಂತ್ಯಕ್ಕೆ ಗವರ್ನರ್ ಆಗಿದ್ದ ಪ್ಲಿನಿ, ಚಕ್ರವರ್ತಿ ಟ್ರಾಜನನಿಗೆ ಸಲಹೆ ಕೇಳಿ ಬರೆದ. ನೀನು ಕ್ರೈಸ್ತನಾ ಎಂದು ಮೂರು ಸಲ ಕೇಳುತ್ತೇನೆ, ಮೂರೂ ಸಲ ಹೌದು ಅಂದರೆ ಕೊಲ್ಲಿಸುತ್ತೇನೆ, ಅಲ್ಲ ಅಂದವರು ನಿಮ್ಮ ವಿಗ್ರಹದ ಎದುರು ಧೂಪ ಹಾಕಿ, ದ್ರಾಕ್ಷಾರಸ ಸುರಿದು, ಕ್ರಿಸ್ತನನ್ನು ಶಪಿಸಿದರೆ ಬಿಡುತ್ತೇನೆ, ಸರಿ ತಾನೇ? ಸಭೆಯ ಸೇವಕಿಯರಾಗಿದ್ದ ಇಬ್ಬರು ದಾಸಿಯರನ್ನು ಹಿಂಸಿಸಿ ವಿಚಾರಿಸಿದ್ದನ್ನೂ ಬರೆದಿದ್ದಾನೆ. ಟ್ರಾಜನನ ಉತ್ತರ ಚಿಕ್ಕದು. ಹುಡುಕಿಕೊಂಡು ಹೋಗಬೇಡ, ಹೆಸರಿಲ್ಲದ ದೂರು ತೆಗೆದುಕೊಳ್ಳಬೇಡ, ಸಿಕ್ಕಿಬಿದ್ದು ಒಪ್ಪಿಕೊಂಡರೆ ಶಿಕ್ಷಿಸು. ಫೈಲು ಮುಗಿಯಿತು.

ದೇಸಿಯಸ್ ಚಕ್ರವರ್ತಿಯಾದ ಮೇಲೆ, 250ರ ಹೊತ್ತಿಗೆ, ಅದು ಪೂರ್ತಿ ಕಾಗದದ ಕೆಲಸವಾಯಿತು. ಸಾಮ್ರಾಜ್ಯದ ಎಲ್ಲರೂ ದೇವರುಗಳಿಗೆ ಬಲಿ ಕೊಟ್ಟು ಸರ್ಟಿಫಿಕೇಟು ಪಡೆಯಬೇಕು ಅಂತ ಆಜ್ಞೆ. ಈಜಿಪ್ಟಿನ ಮರಳಿನಲ್ಲಿ ಅಂಥ ನಲವತ್ತಕ್ಕೂ ಹೆಚ್ಚು ಪತ್ರಗಳು ಸಿಕ್ಕಿವೆ. ಒಂದರಲ್ಲಿ ಅರ್ಜಿದಾರ ಡಯೋಜಿನೀಸ್ ಎಂಬ 72 ವರ್ಷದ ಮುದುಕ. ಗುರುತಿನ ಚಿಹ್ನೆ: ಬಲ ಹುಬ್ಬಿನ ಮೇಲೆ ಗಾಯದ ಕಲೆ. ನಾನು ಯಾವತ್ತೂ ಬಲಿ ಕೊಡುತ್ತ ಬಂದವನೇ, ಈಗ ನಿಮ್ಮ ಕಣ್ಣೆದುರೂ ಕೊಟ್ಟು, ನೈವೇದ್ಯ ತಿಂದಿದ್ದೇನೆ, ದಯವಿಟ್ಟು ಸಹಿ ಹಾಕಿ ಎಂಬ ಒಕ್ಕಣೆ. ಆಜ್ಞೆ ಎಲ್ಲರಿಗೂ ಇದ್ದದ್ದರಿಂದ ಆತ ಕ್ರೈಸ್ತನೋ ಅಲ್ಲವೋ ಪತ್ರ ನೋಡಿ ಹೇಳಲಾಗದು. ಆದರೆ ಅನೇಕ ಕ್ರೈಸ್ತರು ಬಲಿ ಕೊಡದೆಯೇ ದುಡ್ಡು ಕೊಟ್ಟು ಇಂಥ ಪತ್ರ ಮಾಡಿಸಿಕೊಂಡರು. ಮುಂದೆ ಸಭೆಯೊಳಗೆ ಅದೇ ದೊಡ್ಡ ಜಗಳವಾಯಿತು. ಎಲ್ಲರೂ ಸಿಂಹದ ಬಾಯಿಗೆ ನಗುನಗುತ್ತಾ ಹೋದರು ಎಂಬ ಚಿತ್ರ ಪ್ರವಚನಕ್ಕೆ ಚೆನ್ನ. ನಿಜವಾದ ಹಿಂಸೆಯಲ್ಲಿ ಹೆದರಿದವರು, ಲಂಚ ಕೊಟ್ಟವರು, ಸುಮ್ನೆ ಧೂಪ ಹಾಕಿ ಮನೆಗೆ ಬಂದು ಅತ್ತವರು, ಎಲ್ಲರೂ ಇರುತ್ತಾರೆ.

ಅಂಥವರ ಕೈಗೆ ಪ್ರಕಟನೆ ಸಿಕ್ಕಾಗ ಅದು ಹೇಳಿದ್ದು ಇಷ್ಟು: ಈ ಸಾಮ್ರಾಜ್ಯ ಶಾಶ್ವತ ಅಲ್ಲ. ನಿಮ್ಮ ಸಾವಿನ ಲೆಕ್ಕ ಯಾರೋ ಇಟ್ಟಿದ್ದಾರೆ. ಅಲ್ಲಿ ಕಡೇ ದಿನ ಎಂಬುದು ನೋವು ನಿವಾರಕ ಮಾತ್ರೆಯೂ ಹೌದು, ರಾಜಕೀಯದ ಮಾತೂ ಹೌದು. ಗ್ರೀಕಿನಲ್ಲಿ ‘ಮಾರ್ಟಿಸ್’ ಅಂದರೆ ಸಾಕ್ಷಿ ಅಂತಷ್ಟೇ ಅರ್ಥ. ಕನ್ನಡದ ಕ್ರೈಸ್ತರು ಬಳಸುವ ‘ರಕ್ತಸಾಕ್ಷಿ’ ಎಂಬ ಪದ ಅದನ್ನು ಎಷ್ಟು ಚೆನ್ನಾಗಿ ಹಿಡಿದಿದೆ ನೋಡಿ. ಸಾಕ್ಷಿ ಹೇಳುವುದು ಕೋರ್ಟಿನಲ್ಲಿ. ಅಂದರೆ ಎಲ್ಲೋ ಒಂದು ಕಡೆ ವಿಚಾರಣೆ ನಡೆಯಲೇಬೇಕು ಎಂಬ ನಂಬಿಕೆ ಆ ಪದದೊಳಗೇ ಇದೆ.

313ರ ನಂತರ ರೋಮಿನಲ್ಲಿ ಕ್ರೈಸ್ತರ ಮೇಲಿನ ಹಿಂಸೆ ನಿಂತಿತು. ಚಕ್ರವರ್ತಿಯೇ ಬೆನ್ನಿಗೆ ನಿಂತ. ಆಗ ಈ ಪುಸ್ತಕವನ್ನು ಏನು ಮಾಡುವುದು? ನಿನ್ನೆಯವರೆಗೆ ಮೃಗ ಎನಿಸಿಕೊಂಡಿದ್ದ ಸಾಮ್ರಾಜ್ಯ ಈಗ ನಮ್ಮದೇ ಅಲ್ವಾ? ಐದನೇ ಶತಮಾನದಲ್ಲಿ ಆಗಸ್ಟೀನ್ ಎಂಬ ಬಿಷಪ್ ಅದಕ್ಕೊಂದು ದಾರಿ ಕಂಡುಕೊಂಡರು. ಪ್ರಕಟನೆಯಲ್ಲಿ ಹೇಳಿರುವ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ ಎಂದರೆ ಮುಂದೆ ಬರುವುದಲ್ಲ, ಈಗ ನಡೆಯುತ್ತಿರುವ ಸಭೆಯ ಕಾಲವೇ ಅದು ಎಂದರು. ದೊಡ್ಡ ಚರ್ಚುಗಳು ಇವತ್ತಿಗೂ ಹೆಚ್ಚುಕಮ್ಮಿ ಅದನ್ನೇ ಹೇಳುತ್ತವೆ. ಕಡೇ ದಿನದ ಬಿಸಿ ಆರಿತು.

ಪೂರ್ತಿ ಆರಲಿಲ್ಲ. ಹಿಂಸೆ ಎಲ್ಲಿ ಮರಳಿತೋ ಅಲ್ಲಿ ಆ ಪುಟ ಮತ್ತೆ ತೆರೆಯಿತು. ಕೆಲವು ಕಡೆ ಅದು ತಾಳ್ಮೆ ಕೊಡಲಿಲ್ಲ, ಕತ್ತಿ ಕೊಟ್ಟಿತು. 1534ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ಪಟ್ಟಣದಲ್ಲಿ ಹಾಗೇ ಆಯಿತು. ದೊಡ್ಡವರಾದ ಮೇಲೆ ಮತ್ತೆ ದೀಕ್ಷಾಸ್ನಾನ ಕೊಡುತ್ತಿದ್ದ ಅನಾಬ್ಯಾಪ್ಟಿಸ್ಟರನ್ನು ಕ್ಯಾಥೊಲಿಕರು, ಪ್ರೊಟೆಸ್ಟಂಟರು ಇಬ್ಬರೂ ಬೆನ್ನಟ್ಟಿ ಕೊಲ್ಲುತ್ತಿದ್ದರು. ಅವರಲ್ಲೊಂದು ಗುಂಪು ಇದೇ ಹೊಸ ಯೆರೂಸಲೇಮು ಎಂದು ಊರನ್ನೇ ಹಿಡಿಯಿತು. ಒಪ್ಪದವರನ್ನು ಹೊರಹಾಕಿತು. ದರ್ಜಿಯಾಗಿದ್ದ ಯಾನ್ ಎಂಬಾತ ರಾಜನಾದ. ಮರುವರ್ಷ ಮುತ್ತಿಗೆಯಲ್ಲಿ ಊರು ಬಿತ್ತು. ನಾಯಕರನ್ನು ಚಿತ್ರಹಿಂಸೆ ಕೊಟ್ಟು ಕೊಂದು, ಹೆಣಗಳನ್ನು ಮೂರು ಕಬ್ಬಿಣದ ಪಂಜರದಲ್ಲಿ ಹಾಕಿ ಸಂತ ಲ್ಯಾಂಬರ್ಟ್ ಚರ್ಚಿನ ಗೋಪುರಕ್ಕೆ ನೇತುಹಾಕಿದರು. ಪಂಜರಗಳು ಇವತ್ತಿಗೂ ಅಲ್ಲೇ ತೂಗುತ್ತಿವೆ. ಏಟು ತಿಂದವರು ಯಾವಾಗಲೂ ಒಳ್ಳೆಯವರಾಗಿಯೇ ಉಳಿಯುತ್ತಾರೆ ಎಂದುಕೊಳ್ಳುವವರು ಒಮ್ಮೆ ತಲೆಯೆತ್ತಿ ಅದನ್ನು ನೋಡಬೇಕು.

ಇಲ್ಲಿ ನಮ್ಮ ಕರಾವಳಿಗೆ ಸೇರಿದ ಒಂದು ಸಂಗತಿ ಇದೆ. ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್‌ನಲ್ಲಿ ಬೆಂಗೆಲ್ ಎಂಬ ದೊಡ್ಡ ಬೈಬಲ್ ಪಂಡಿತರಿದ್ದರು. 1752ರಲ್ಲಿ ತೀರಿಕೊಂಡರು. ಪ್ರಕಟನೆಯ ಸಂಖ್ಯೆಗಳನ್ನೆಲ್ಲ ಕೂಡಿ ಕಳೆದು, ಮೃಗದ ಪತನವಾಗಿ ಸಾವಿರ ವರ್ಷದ ಆಳ್ವಿಕೆ ಶುರುವಾಗುವುದು 1836ರ ಜೂನ್ 18ಕ್ಕೆ ಎಂದು ಲೆಕ್ಕ ಹಾಕಿದ್ದರು. ಆ ಸೀಮೆಯ ಭಕ್ತರ ಮೇಲೆ ಈ ಲೆಕ್ಕದ ಪ್ರಭಾವ ತುಂಬ ಇತ್ತು. 1816ರ ಬರಗಾಲದ ಮರುವರ್ಷ ಸಾವಿರಾರು ಜನ ಮನೆಮಠ ಮಾರಿ, ಕರ್ತನನ್ನು ಎದುರುಗೊಳ್ಳಲು ಪೂರ್ವಕ್ಕೆ, ರಷ್ಯಾದ ಕಡೆಗೆ ಹೊರಟೇಬಿಟ್ಟರು. ಬಾಸೆಲ್ ಮಿಷನ್ನಿಗೆ ಜನ ಮತ್ತು ದುಡ್ಡು ಬಂದದ್ದು ಹೆಚ್ಚಾಗಿ ಈ ಸೀಮೆಯಿಂದಲೇ. ಅದರ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ವ್ಯೂರ್ಟೆಂಬರ್ಗ್‌ನವರೇ ಆದ ಹರ್ಮನ್ ಮೋಗ್ಲಿಂಗ್ ಬಂದದ್ದು 1836ರಲ್ಲಿ! ಜೂನ್ 18 ಸದ್ದಿಲ್ಲದೆ ಕಳೆದುಹೋಗಿತ್ತು. ಲೋಕ ಮುಗಿಯಲಿಲ್ಲ. ಮೋಗ್ಲಿಂಗ್ ಕನ್ನಡ ಕಲಿತರು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದರು. ಕೊನೆ ಬಾರದೆ ಹೋದದ್ದರಿಂದ ನಮಗೆ ಆದ ಲಾಭ ಎಂದು ನಾನು ಇದನ್ನು ಎಣಿಸಿಕೊಳ್ಳುತ್ತೇನೆ.

1830ರ ದಶಕದಲ್ಲೇ ಜಾನ್ ನೆಲ್ಸನ್ ಡಾರ್ಬಿ ಎಂಬ ಪಾದ್ರಿ ಇನ್ನೊಂದು ಲೆಕ್ಕ ಹೇಳಿಕೊಟ್ಟರು. ಲೋಕದ ಕೊನೆಗೆ ಮುಂಚೆ ಬರುವ ಮಹಾಸಂಕಟ ಶುರುವಾಗುವ ಮೊದಲೇ ನಿಜವಾದ ವಿಶ್ವಾಸಿಗಳು ಮೇಘಗಳಲ್ಲಿ ಮೇಲಕ್ಕೆ ಒಯ್ಯಲ್ಪಡುತ್ತಾರೆ, ಸಂಕಟ ಉಳಿದವರಿಗೆ. 1909ರಲ್ಲಿ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳಲ್ಲಿ ಇದು ಸೇರಿಕೊಂಡಿತು. ಅಲ್ಲಿಂದ ಅಮೆರಿಕದ ರೇಡಿಯೊ, ಟೀವಿ, ಈಗ ಯೂಟ್ಯೂಬ್, ಅಲ್ಲಿಂದ ನಮ್ಮ ಆಂಟಿಯ ಫೋನು.

ಇದರಲ್ಲಿ ಏನು ಬದಲಾಯಿತು ನೋಡಿ. ಸ್ಮುರ್ನದ ಓದುಗನಿಗೆ ಸಂಕಟ ಎಂದರೆ ತಾನು ನಿಂತಿರುವ ಜಾಗ. ಡಾರ್ಬಿಯ ಓದುಗನಿಗೆ ಅದು ತಾನು ತಪ್ಪಿಸಿಕೊಳ್ಳುವ ಜಾಗ. ಬೇರೆಯವರ ನೋವು ತನ್ನ ಬಸ್ಸು ಹತ್ತಿರ ಬಂತು ಎನ್ನುವುದರ ಗುರುತು. ನಾಜಿಗಳಿಂದ ಯಹೂದ್ಯರನ್ನು ಬಚ್ಚಿಟ್ಟು, ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ಅಕ್ಕನನ್ನು ಕಳೆದುಕೊಂಡ ಡಚ್ ಮಹಿಳೆ ಕೊರಿ ಟೆನ್ ಬೂಮ್ ಈ ಬೋಧನೆಯನ್ನು ಖಾರವಾಗಿಯೇ ತಿರಸ್ಕರಿಸಿದ್ದರು. ಸಂಕಟ ಬರುವ ಮೊದಲೇ ಹಾರಿಹೋಗುತ್ತೀರಿ ಅಂತ ಜನರಿಗೆ ಹೇಳಿಕೊಟ್ಟರೆ, ಸಂಕಟ ಬಂದ ದಿನ ಅವರು ಬರಿಗೈಲಿ ನಿಲ್ಲುತ್ತಾರೆ ಎಂಬುದು ಅವರ ವಾದ. ಚೀನಾದ ಸಭೆಗಳಿಗೆ ಕಮ್ಯುನಿಸ್ಟರ ಕಾಲದಲ್ಲಿ ಹಾಗೇ ಆಯಿತು ಎನ್ನುತ್ತಿದ್ದರು. ಸೆರೆಶಿಬಿರ ಕಂಡು ಬಂದವರ ಮಾತಿಗೆ ತೂಕ ಜಾಸ್ತಿ.

ಇನ್ನು ಲೆಕ್ಕದ ಕಡೆ ಬರೋಣ. ‘ವರ್ಷಕ್ಕೆ ಒಂದು ಲಕ್ಷ ಕ್ರೈಸ್ತರು ನಂಬಿಕೆಗಾಗಿ ಕೊಲೆಯಾಗುತ್ತಾರೆ’ ಎಂಬ ಮಾತನ್ನು ನೀವೂ ಕೇಳಿರಬಹುದು. ಜಿನೀವಾದಲ್ಲಿ ವಿಶ್ವಸಂಸ್ಥೆಯ ಎದುರು ವ್ಯಾಟಿಕನ್ ಪ್ರತಿನಿಧಿಯೇ 2013ರಲ್ಲಿ ಇದನ್ನು ಹೇಳಿದ್ದರು. ಅಮೆರಿಕದ ಗಾರ್ಡನ್-ಕಾನ್ವೆಲ್ ಸೆಮಿನರಿಯ ಸಂಶೋಧನಾ ಕೇಂದ್ರದ ಅಂಕಿ ಅದು. ಅದೇ ವರ್ಷ ಬಿಬಿಸಿಯವರು ಬುಡ ಕೆದಕಿದರು. ಹತ್ತು ವರ್ಷಕ್ಕೆ ಹತ್ತು ಲಕ್ಷ ಎಂಬ ಅಂದಾಜನ್ನು ಹತ್ತರಿಂದ ಭಾಗಿಸಿದ ಸಂಖ್ಯೆ. ಆ ಹತ್ತು ಲಕ್ಷದಲ್ಲಿ ಒಂಬತ್ತು ಲಕ್ಷ ಕಾಂಗೊ ದೇಶದ ಅಂತರ್ಯುದ್ಧದಲ್ಲಿ ಸತ್ತವರು. ಅಲ್ಲಿ ಕೊಂದವರೂ ಹೆಚ್ಚಾಗಿ ಕ್ರೈಸ್ತರೇ, ಸತ್ತವರೂ ಕ್ರೈಸ್ತರೇ. ಯುದ್ಧದಲ್ಲಿ ಸತ್ತದ್ದನ್ನೆಲ್ಲ ರಕ್ತಸಾಕ್ಷಿಯ ಖಾತೆಗೆ ಜಮಾ ಮಾಡಿದರೆ ಸಂಖ್ಯೆ ಬೇಗ ಭರ್ತಿಯಾಗುತ್ತದೆ, ಅಷ್ಟೇ.

ಹಿಂಸೆಗೊಳಗಾದ ಕ್ರೈಸ್ತರಿಗಾಗಿ ಕೆಲಸ ಮಾಡುವ ಓಪನ್ ಡೋರ್ಸ್ ಸಂಸ್ಥೆ ಪ್ರತಿವರ್ಷ ಪಟ್ಟಿ ಹೊರಡಿಸುತ್ತದೆ. ಅದರ 2025ರ ಪಟ್ಟಿಯ ಪ್ರಕಾರ ಒಂದು ವರ್ಷದಲ್ಲಿ ನಂಬಿಕೆಯ ಕಾರಣಕ್ಕೆ ಕೊಲೆಯಾದವರು 4,476. ಅದರಲ್ಲಿ 3,100 ಜನ ನೈಜೀರಿಯಾ ಒಂದರಲ್ಲೇ. ಲಕ್ಷದಿಂದ ಸಾವಿರಕ್ಕೆ ಇಳಿಯಿತು ಎಂದು ಸಮಾಧಾನ ಪಡಬೇಕಿಲ್ಲ. ನಾಲ್ಕೂವರೆ ಸಾವಿರ ಕೊಲೆ ಭಯಂಕರವೇ. ಸಣ್ಣ ಸಂಖ್ಯೆಗೆ ಒಂದು ಅನುಕೂಲ ಇದೆ: ಎಲ್ಲಿ, ಯಾರು, ಯಾಕೆ ಎಂದು ಕೇಳಬಹುದು. ಕೇಳೋಣ.

ನೈಜೀರಿಯಾದ ಜನ ಸುಮಾರು ಅರ್ಧ ಮುಸ್ಲಿಮರು, ಅರ್ಧ ಕ್ರೈಸ್ತರು. ಉತ್ತರಕ್ಕೆ ಮುಸ್ಲಿಮರು ಜಾಸ್ತಿ, ದಕ್ಷಿಣಕ್ಕೆ ಕ್ರೈಸ್ತರು. ಹೊರಗಿನವರು ಒಂದೇ ಎಂದು ನೋಡುವ ಹಿಂಸೆ ಅಲ್ಲಿ ಕನಿಷ್ಠ ಮೂರು ಬಗೆಯದು. ಈಶಾನ್ಯದಲ್ಲಿ ಬೋಕೊ ಹರಾಮ್ ಮತ್ತು ಐಸಿಸ್ ಜೊತೆಗಿನ ಗುಂಪುಗಳು. 2014ರ ಏಪ್ರಿಲ್‌ನಲ್ಲಿ ಚಿಬೋಕ್ ಶಾಲೆಯಿಂದ 276 ಹುಡುಗಿಯರನ್ನು ಎತ್ತಿಕೊಂಡು ಹೋದದ್ದು ಇವರು. ಅವರಲ್ಲಿ ಹೆಚ್ಚಿನವರು ಕ್ರೈಸ್ತರು, ಮತಾಂತರದ ಒತ್ತಾಯವೂ ಆಯಿತು. ಇಲ್ಲಿ ಧರ್ಮವೇ ಕಾರಣ ಎನ್ನಲು ಹಿಂಜರಿಯಬೇಕಿಲ್ಲ. ಆದರೆ ಅದೇ ವರ್ಷ ನವೆಂಬರ್‌ನಲ್ಲಿ ಕಾನೊ ನಗರದ ದೊಡ್ಡ ಮಸೀದಿಯಲ್ಲಿ ಶುಕ್ರವಾರದ ನಮಾಜಿಗೆ ಬಂದವರ ಮೇಲೆ ಬಾಂಬ್ ದಾಳಿ ನಡೆದು ನೂರಕ್ಕೂ ಹೆಚ್ಚು ಜನ ಸತ್ತರು. ವಾಯವ್ಯದಲ್ಲಿ ದುಡ್ಡಿಗಾಗಿ ಅಪಹರಣ ಮಾಡುವ ಡಕಾಯಿತರು. ಅವರಿಗೆ ಬೇಕಾದದ್ದು ಒತ್ತೆಹಣ. ಹಳ್ಳಿ ಯಾವ ಧರ್ಮದ್ದಾದರೂ ನಡೆಯುತ್ತದೆ.

ಮೂರನೆಯದು ಮಧ್ಯ ಭಾಗ, ಬೆನ್ಯೂ ಮತ್ತು ಪ್ಲೇಟೊ ರಾಜ್ಯಗಳು. ಆಂಟಿಯ ವಿಡಿಯೊ ಅಲ್ಲಿಯದೇ ಎನ್ನುತ್ತಿತ್ತು. ಬೆನ್ಯೂ ಎಂದರೆ ಗೆಣಸಿನ ಸೀಮೆ, ದೇಶದ ಅನ್ನದ ಬುಟ್ಟಿ ಎಂದು ತನ್ನನ್ನು ಕರೆದುಕೊಳ್ಳುವ ರಾಜ್ಯ. ರೈತರು ಹೆಚ್ಚಾಗಿ ಕ್ರೈಸ್ತರು. ಉತ್ತರದಿಂದ ದನ ಹೊಡೆದುಕೊಂಡು ಬರುವ ಫುಲಾನಿಗಳು ಮುಸ್ಲಿಮರು. ಹಿಂದೆ ಇಬ್ಬರಿಗೂ ಒಂದು ಹೊಂದಾಣಿಕೆ ಇತ್ತು. ನಮ್ಮ ಬಯಲುಸೀಮೆಯಲ್ಲಿ ಕೊಯ್ಲಾದ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿಕೊಂಡು ಗೊಬ್ಬರ ಮಾಡಿಕೊಳ್ಳುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. ಮಳೆ ಕೈಕೊಟ್ಟಿತು, ಉತ್ತರದ ಹುಲ್ಲುಗಾವಲು ಒಣಗಿತು, ದನದ ದಾರಿಗಳ ಮೇಲೆ ಹೊಲ, ಮನೆ ಎದ್ದವು. ಕೋಲು ಹಿಡಿಯುತ್ತಿದ್ದ ಕೈಗೆ ಎಕೆ-47 ಬಂತು. ಬೆನ್ಯೂ ಸರ್ಕಾರ 2017ರಲ್ಲಿ ಬಯಲಲ್ಲಿ ದನ ಮೇಯಿಸುವುದನ್ನೇ ನಿಷೇಧಿಸಿತು. 2018ರ ಹೊಸವರ್ಷದ ದಿನ ಹಳ್ಳಿಗಳ ಮೇಲೆ ದಾಳಿ ಆಯಿತು. ಕೆಲವು ದಿನ ಬಿಟ್ಟು ರಾಜಧಾನಿ ಮಕುರ್ಡಿಯಲ್ಲಿ 73 ಶವಪೆಟ್ಟಿಗೆಗಳನ್ನು ಒಟ್ಟಿಗೆ ಹೂಳಿದರು. 2025ರ ಜೂನ್‌ನಲ್ಲಿ ಯೆಲ್ವಾಟಾ ಎಂಬ ಊರಿನಲ್ಲಿ, ಮೊದಲೇ ಬೇರೆ ಕಡೆಯಿಂದ ಓಡಿಬಂದು ತಂಗಿದ್ದವರನ್ನು ರಾತ್ರಿ ಮಲಗಿದ್ದಲ್ಲೇ ಸುಟ್ಟರು. ಸತ್ತವರು ನೂರಕ್ಕೂ ಹೆಚ್ಚು.

ಇದು ನೆಲದ ಜಗಳವೋ, ಧರ್ಮದ ಹಿಂಸೆಯೋ? ಅಲ್ಲಿನ ಬಿಷಪ್‌ಗಳಿಗೇ ಒಮ್ಮತ ಇಲ್ಲ. ಮಕುರ್ಡಿಯ ಬಿಷಪ್ ವಿಲ್ಫ್ರೆಡ್ ಅನಾಗ್ಬೆ 2025ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹೋಗಿ, ಇದು ಕ್ರೈಸ್ತರನ್ನು ನೆಲದಿಂದ ಒಕ್ಕಲೆಬ್ಬಿಸುವ ಇಸ್ಲಾಮಿಸ್ಟ್ ಕೆಲಸ ಎಂದರು. ಸೊಕೊಟೊದ ಬಿಷಪ್ ಮ್ಯಾಥ್ಯೂ ಕುಕಾ, ನೈಜೀರಿಯಾವನ್ನು ಅಮೆರಿಕ ಧಾರ್ಮಿಕ ಸ್ವಾತಂತ್ರ್ಯ ತುಳಿಯುವ ದೇಶಗಳ ತನ್ನ ಕಪ್ಪುಪಟ್ಟಿಗೆ ಸೇರಿಸುವುದು ಬೇಡ, ಎರಡೂ ಕಡೆಯವರ ಮಾತುಕತೆ ಕೆಡುತ್ತದೆ ಎಂದರು. ಇಬ್ಬರೂ ಕ್ಯಾಥೊಲಿಕರೇ. ಒಬ್ಬರ ಕೆಲಸ ಹೆಣ ಹೂಳುವ ಊರಿನಲ್ಲಿ, ಇನ್ನೊಬ್ಬರದು ಮುಸ್ಲಿಮರ ನಡುವೆ ಹಿಡಿಯಷ್ಟು ಕ್ರೈಸ್ತರಿರುವ ಊರಿನಲ್ಲಿ. ನನಗೆ ಅನಿಸುವುದು: ನೆಲದ ಜಗಳ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ಸತ್ತವರಿಗೆ ಮಾಡುವ ಮೋಸ. ದನದ ದಾರಿಗೆ ಮನೆ ಸುಡಬೇಕಿಲ್ಲ, ಮಕ್ಕಳನ್ನು ಕಡಿಯಬೇಕಿಲ್ಲ. ಆದರೆ ಧರ್ಮ ಎಂದಷ್ಟೇ ಹೇಳಿದರೆ ದೊಡ್ಡ ಪ್ರಶ್ನೆ ಒಂದು ಜಾರಿಹೋಗುತ್ತದೆ. ಇಷ್ಟು ವರ್ಷ ಪೊಲೀಸರು ಎಲ್ಲಿದ್ದರು? ಕೊಂದವರಲ್ಲಿ ಎಷ್ಟು ಜನ ಜೈಲಿಗೆ ಹೋದರು?

ಕಡೇ ದಿನದ ಲೆಕ್ಕ ತಪ್ಪಿಸುವುದು ಈ ಪ್ರಶ್ನೆಯನ್ನೇ. ಎಲ್ಲ ಬರೆದ ಹಾಗೇ ಆಗುತ್ತಿದ್ದರೆ ಮಂತ್ರಿಯ ತಪ್ಪೇನು? ಪೂರ್ತಿ ಸುಮ್ಮನಿರುತ್ತಾರೆ ಎಂದಲ್ಲ. ಕೆಲವೊಮ್ಮೆ ಉಲ್ಟಾ ಆಗುತ್ತದೆ, ಸಿಟ್ಟು ಬೇಕಾದ್ದಕ್ಕಿಂತ ಜಾಸ್ತಿ ಬರುತ್ತದೆ. ಪ್ಯೂ ಸಂಸ್ಥೆಯ 2022ರ ಸಮೀಕ್ಷೆಯಲ್ಲಿ ಅಮೆರಿಕದ ದೊಡ್ಡವರಲ್ಲಿ 39% ಜನ ನಾವು ಕಡೇ ದಿನಗಳಲ್ಲಿದ್ದೇವೆ ಎಂದರು. ಇವ್ಯಾಂಜೆಲಿಕಲ್ ಪ್ರೊಟೆಸ್ಟಂಟರಲ್ಲಿ 63%. ಇಷ್ಟು ದೊಡ್ಡ ವೋಟ್ ಬ್ಯಾಂಕಿಗೆ ನೈಜೀರಿಯಾ ಒಂದು ದೇಶವಾಗಿ ಕಾಣುವುದು ಕಷ್ಟ, ಸೂಚನೆಯಾಗಿ ಕಾಣುವುದು ಸುಲಭ. 2025ರ ಅಕ್ಟೋಬರ್ ಕೊನೆಗೆ ಟ್ರಂಪ್ ಆ ದೇಶವನ್ನು ಕಪ್ಪುಪಟ್ಟಿಗೆ ಸೇರಿಸಿದರು, ಸೈನ್ಯ ಕಳಿಸುವ ಬೆದರಿಕೆ ಹಾಕಿದರು. ಕ್ರಿಸ್‌ಮಸ್ ದಿನವೇ ಕ್ಷಿಪಣಿ ದಾಳಿಯೂ ಆಯಿತು. ದಾಳಿ ಆದದ್ದು ಬೆನ್ಯೂನಲ್ಲಲ್ಲ. ನೂರಾರು ಕಿಲೋಮೀಟರ್ ದೂರದ, ಬಹುಪಾಲು ಮುಸ್ಲಿಮರೇ ಇರುವ ಸೊಕೊಟೊ ರಾಜ್ಯದಲ್ಲಿ. ಬೇಡ ಎಂದಿದ್ದ ಬಿಷಪ್ ಕುಕಾರ ಊರಿನ ಕಡೆ. ಯೆಲ್ವಾಟಾದವರ ಮನೆ ಸುಟ್ಟವರಿಗೂ ಆ ಕ್ಷಿಪಣಿಗೂ ಏನು ಸಂಬಂಧ ಎಂದು ಕೇಳಿದರೆ ಹೇಳುವವರು ಕಡಿಮೆ.

ಕೊಲ್ಲುವವರ ಕೈಯಲ್ಲೂ ಒಂದು ಕಡೇ ದಿನದ ಪುಸ್ತಕ ಇರಬಹುದು, ಅದನ್ನೂ ಹೇಳಬೇಕು. ಸಿರಿಯಾದ ಉತ್ತರಕ್ಕೆ ದಾಬಿಕ್ ಎಂಬ ಹಳ್ಳಿ ಇದೆ. ಕಡೇ ಯುದ್ಧಕ್ಕೆ ‘ರೋಮನರು’ ಬಂದಿಳಿಯುವ ಜಾಗ ಅದು ಎಂದು ಒಂದು ಹದೀಸ್, ಅಂದರೆ ಪ್ರವಾದಿ ಮುಹಮ್ಮದರದ್ದೆನ್ನುವ ಮಾತು, ಹೇಳುತ್ತದೆ. 2014ರಲ್ಲಿ ಐಸಿಸ್ ಆ ಹಳ್ಳಿಯನ್ನು ಹಿಡಿಯಿತು. ಯುದ್ಧದ ದೃಷ್ಟಿಯಿಂದ ಅದಕ್ಕೆ ದೊಡ್ಡ ಬೆಲೆಯೇನೂ ಇರಲಿಲ್ಲ. ತನ್ನ ಇಂಗ್ಲಿಷ್ ಪತ್ರಿಕೆಗೂ ಅದೇ ಹೆಸರಿಟ್ಟಿತು. 2016ರ ಅಕ್ಟೋಬರ್‌ನಲ್ಲಿ ಟರ್ಕಿ ಬೆಂಬಲದ ಸಿರಿಯನ್ ಪಡೆಗಳು ಹೆಚ್ಚು ಕಷ್ಟಪಡದೆ ಹಳ್ಳಿಯನ್ನು ವಾಪಸ್ ತೆಗೆದುಕೊಂಡವು. ಅದಕ್ಕೆ ಒಂದು ತಿಂಗಳ ಮೊದಲೇ ಪತ್ರಿಕೆಯ ಹೆಸರು ಬದಲಾಗಿತ್ತು: ‘ರೂಮಿಯಾ’, ಅಂದರೆ ರೋಮ್. ಜಾಗ ಕೈತಪ್ಪಿದರೆ ಭವಿಷ್ಯವನ್ನು ಸ್ವಲ್ಪ ಮುಂದಕ್ಕೆ ಹಾಕಿದರಾಯಿತು! ಬೆಂಗೆಲ್ ಪಂಡಿತರಿಗೂ ಈ ಪತ್ರಿಕೆಯವರಿಗೂ ಹೋಲಿಕೆ ಮಾಡುವುದು ಅನ್ಯಾಯ. ಬೆಂಗೆಲ್ ಯಾರನ್ನೂ ಕೊಲ್ಲಲಿಲ್ಲ. ಆದರೆ ಕ್ಯಾಲೆಂಡರ್ ಇಟ್ಟುಕೊಂಡವರ ಕಷ್ಟ ಎರಡೂ ಕಡೆ ಒಂದೇ.

ಇದೇ ಐಸಿಸ್‌ನ ಲಿಬಿಯಾ ಶಾಖೆ 2015ರ ಫೆಬ್ರವರಿಯಲ್ಲಿ ಸಮುದ್ರದ ದಂಡೆಯಲ್ಲಿ 21 ಜನರ ಕತ್ತು ಕೊಯ್ದು ವಿಡಿಯೊ ಬಿಟ್ಟಿತು. ಇಪ್ಪತ್ತು ಜನ ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು, ಕೂಲಿಗೆ ಬಂದಿದ್ದವರು. ಒಬ್ಬ ಘಾನಾ ದೇಶದವನು. ಹೆಚ್ಚಿನವರು ಮಿನ್ಯಾ ಪ್ರಾಂತ್ಯದ ಅಲ್-ಊರ್ ಎಂಬ ಒಂದೇ ಹಳ್ಳಿಯವರು. ಕೊಲೆಗಾರ ಕ್ಯಾಮೆರಾ ಮುಂದೆ ರೋಮನ್ನು ಗೆಲ್ಲುತ್ತೇವೆ ಎಂದು ಭಾಷಣ ಮಾಡುತ್ತಾನೆ. ಕೆಳಗೆ ಮೊಣಕಾಲೂರಿದವರು ಯೇಸುವಿನ ಹೆಸರು ಹೇಳುತ್ತಿದ್ದಾರೆ. ಕಡೇ ಯುದ್ಧದ ಮಾತೆಲ್ಲ ಕತ್ತಿ ಹಿಡಿದವನದ್ದೇ.

ಕಾಪ್ಟಿಕ್ ಸಭೆಗೆ ತನ್ನದೇ ಕ್ಯಾಲೆಂಡರ್ ಇದೆ. ಅದರ ಮೊದಲ ವರ್ಷ ಯೇಸು ಹುಟ್ಟಿದ್ದಲ್ಲ, ಕ್ರಿ.ಶ. 284. ಈಜಿಪ್ಟಿನ ಕ್ರೈಸ್ತರನ್ನು ಅತಿ ಹೆಚ್ಚು ಕೊಲ್ಲಿಸಿದ ಡಯೊಕ್ಲೀಷಿಯನ್ ಪಟ್ಟಕ್ಕೆ ಬಂದ ವರ್ಷ. ಅದನ್ನು ಅವರು ರಕ್ತಸಾಕ್ಷಿಗಳ ಶಕೆ ಎನ್ನುತ್ತಾರೆ. ಅವರೂ ಎಣಿಸುತ್ತಾರೆ, ಆದರೆ ಕೊನೆಯ ಕಡೆಗೆ ಅಲ್ಲ. ಏಟು ಬಿದ್ದ ದಿನದಿಂದ ಈಚೆಗೆ, ನಾವಿನ್ನೂ ಇದ್ದೇವೆ ಎಂದು ಎಣಿಸುತ್ತಾರೆ. ಆ 21 ಜನರ ಹಬ್ಬ ಆ ಕ್ಯಾಲೆಂಡರಿನಲ್ಲಿ ಅಮ್ಶೀರ್ ತಿಂಗಳ 8ನೇ ತಾರೀಖು. ಸತ್ತದ್ದು 1731ನೇ ವರ್ಷ. 2023ರಲ್ಲಿ ಪೋಪ್ ಫ್ರಾನ್ಸಿಸ್ ಈ ಹೆಸರುಗಳನ್ನು ರೋಮಿನ ರಕ್ತಸಾಕ್ಷಿಗಳ ಪಟ್ಟಿಗೂ ಸೇರಿಸಿದರು. ಐಸಿಸ್ ಗೆಲ್ಲುತ್ತೇನೆ ಎಂದ ರೋಮಿಗೆ ಹೋಗಿ ಸೇರಿದ್ದು ಆ ಕೂಲಿಗಳ ಹೆಸರು.

ನಮ್ಮಲ್ಲಿ 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಹಂಪನಕಟ್ಟೆಯಲ್ಲಿರುವ ಕ್ರೈಸ್ತ ಸನ್ಯಾಸಿನಿಯರ ಆರಾಧನಾ ಮಠದ ಮೇಲೆ, ಸುತ್ತಮುತ್ತಲ ಹಲವು ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿಯಾದಾಗ ಅಲ್ಲಿನವರು ಬೀದಿಗೆ ಬಂದು ಕೇಳಿದ್ದು ತನಿಖೆ. ಯಾರು ಮಾಡಿದರು, ಪೊಲೀಸರು ಯಾಕೆ ತಡೆಯಲಿಲ್ಲ ಅಂತ. ಸರ್ಕಾರ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಅವರ ಆಯೋಗ ಮಾಡಿತು, 2011ರಲ್ಲಿ ವರದಿ ಬಂತು, ಆ ವರದಿಯ ಬಗ್ಗೆ ಮತ್ತೆ ಜಗಳ ಆಯಿತು. ಅದು ಬೇರೆ ಕಥೆ. ಪೆಟ್ಟು ತಿಂದವರು ಮೊದಲು ಹುಡುಕುವುದು ಎಫ್‌ಐಆರ್ ಪ್ರತಿಯನ್ನು.

ಇದನ್ನೆಲ್ಲ ಒಂದು ಭಾನುವಾರ ಆಂಟಿಗೆ ಹೇಳಿದೆ. ಇಷ್ಟು ಉದ್ದಕ್ಕೆ ಅಲ್ಲ, ಕಾಫಿ ಆರುವಷ್ಟರಲ್ಲಿ. ಬರೋಣ ಹತ್ತಿರ ಇಲ್ಲ ಅಂತ ನಾನು ಹೇಳಲಿಲ್ಲ. ಅದು ನನಗೆ ಸೇರಿದ ವಿಷಯ ಅಲ್ಲ, ಅವರು ಒಪ್ಪುತ್ತಲೂ ಇರಲಿಲ್ಲ. ಆ ದಿನ, ಆ ಗಳಿಗೆ ಯಾರಿಗೂ ಗೊತ್ತಿಲ್ಲ ಅಂತ ಮತ್ತಾಯದಲ್ಲೇ ಇದೆಯಲ್ಲ ಎಂದಷ್ಟೇ ಅಂದೆ. “ಗೊತ್ತು ಕಣಪ್ಪ, 24ನೇ ಅಧ್ಯಾಯ” ಎಂದು ನನ್ನ ಬಾಯಿ ಮುಚ್ಚಿಸಿದರು.

ಸ್ವಲ್ಪ ಹೊತ್ತು ಬಿಟ್ಟು, “ಆ ಊರಿನ ಹೆಸರೇನಂದೆ?” ಎಂದು ಕೇಳಿದರು. ಯೆಲ್ವಾಟಾ ಎಂದೆ. ಪ್ರಾರ್ಥನೆಯ ಪಟ್ಟಿ ಬರೆಯುವ ನೋಟ್‌ಬುಕ್ ತೆಗೆದು, ಕನ್ನಡಕ ಹಾಕಿಕೊಂಡು ಬರೆದುಕೊಂಡರು. ಬರೆಯುತ್ತ ಕೇಳಿದರು: “ಮನೆ ಸುಟ್ಟೋಯ್ತಲ್ಲ, ಈಗ ಎಲ್ಲಿದ್ದಾರಂತೆ?”

ಬೆನ್ಯೂನಲ್ಲಿ ಹಾಗೆ ಊರು ಬಿಟ್ಟವರು ಎಷ್ಟೋ ಜನ ವರ್ಷಗಟ್ಟಲೆ ಕ್ಯಾಂಪಿನಲ್ಲೇ ಇದ್ದಾರೆ ಆಂಟಿ, ಎಂದೆ.

“ಎಷ್ಟು ವರ್ಷದಿಂದ?” ಎಂದರು.